ಚಿಗರಿಯ ಲೆಕ್ಕ ಮತ್ತು ಖಾಲಿ ಡಬ್ಬಿ

ಶೇಂಗಾ ತಿನ್ನಬೇಡಿ ಎಂದು ಮೊದಲೇ ಹೇಳಿದ್ದೆ. ಚೀಲ ಬಿಚ್ಚುವಾಗ ಹೇಳಿದ್ದೆ, ಚಹಾಕ್ಕೆ ಬಿಡುವಾಗ ಮತ್ತೆ ಹೇಳಿದ್ದೆ. ಅಥಣಿಯ ಒಂದು ಮಂಗಲ ಕಾರ್ಯಾಲಯದಲ್ಲಿ, ಹಿಂದಿನ ದಿನದ ಮದುವೆಯ ಅಕ್ಷತೆ ಇನ್ನೂ ಮೂಲೆಯಲ್ಲಿ ಬಿದ್ದಿರುವಾಗ, ಐದು ತಾಲೂಕುಗಳ ಅರಣ್ಯ ಸಿಬ್ಬಂದಿಗೂ ಕಾಲೇಜು ಅಧ್ಯಾಪಕರಿಗೂ ನಾನು ಪಾಠ ಶುರು ಮಾಡಿದ್ದು ಹುರಿದ ಶೇಂಗಾದಿಂದ. ಕಾಡುಪ್ರಾಣಿಗಳನ್ನು ಒಂದೊಂದಾಗಿ ಎಣಿಸಲು ಆಗುವುದಿಲ್ಲ, ಅಂದಾಜು ಮಾಡಬೇಕು. ಆ ಅಂದಾಜಿಗೂ ಒಂದು ಶಾಸ್ತ್ರವಿದೆ ಎಂದು ತೋರಿಸುವುದು ನನ್ನ ಕೆಲಸ. ಚೀಲದಿಂದ ಒಂದು ಹಿಡಿ ತೆಗೆದು, ಎಣಿಸಿ, ಪ್ರತಿ ಕಾಯಿಗೂ ಶಾಯಿಯ ಚುಕ್ಕೆ ಇಟ್ಟು, ತಿರುಗಿ ಹಾಕಿ ಕುಲುಕಬೇಕು. ಮತ್ತೊಂದು ಹಿಡಿ ತೆಗೆದಾಗ ಅದರಲ್ಲಿ ಚುಕ್ಕೆಯವು ಎಷ್ಟು ಪಾಲು ಇವೆ ಎಂದು ನೋಡಿದರೆ ಇಡೀ ಚೀಲದ ಲೆಕ್ಕ ಸಿಗುತ್ತದೆ. ಚಹಾ ಮುಗಿಸಿ ಬಂದು ಎರಡನೇ ಹಿಡಿ ತೆಗೆದರೆ ಚುಕ್ಕೆಯವೇ ಹೆಚ್ಚು. ಸೂತ್ರಕ್ಕೆ ಹಾಕಿದರೆ, ನಾನು ಬೆಳಿಗ್ಗೆ ಎಣಿಸಿ ತುಂಬಿದ್ದರ ಅರ್ಧವೂ ಇಲ್ಲ.

ಶಾಯಿ ಹತ್ತಿದವನ್ನು ಬಿಟ್ಟು ಉಳಿದವನ್ನು ತಿಂದಿದ್ದರು. ಸಿಪ್ಪೆ ಕುರ್ಚಿಗಳ ಕೆಳಗೇ ಇತ್ತು. ಚೀಲದಲ್ಲಿ ಉಳಿದದ್ದನ್ನು ಸೂತ್ರ ಸರಿಯಾಗಿಯೇ ಹೇಳಿತ್ತು ಎಂಬುದು ನನ್ನ ಸಿಟ್ಟನ್ನು ಇನ್ನಷ್ಟು ಏರಿಸಿತು. ನಿಪ್ಪಾಣಿಯಿಂದ ಬಂದಿದ್ದ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರು, ಬಾಯಲ್ಲಿ ಇನ್ನೂ ಏನೋ ಅಗಿಯುತ್ತಲೇ ಎದ್ದು ನಿಂತು, “ಅಂದ್ರ ಈ ಸೂತ್ರ ಕಳ್ಳರನ್ನೂ ಹಿಡಿತೈತಿ ಅನ್ರಿ ಮೇಡಂ” ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಇಷ್ಟಕ್ಕೂ ನಾವು ಎಣಿಸಬೇಕಾಗಿದ್ದು ಚಿಗರಿಗಳನ್ನು, ಅಂದರೆ ಕೃಷ್ಣಮೃಗಗಳನ್ನು. ತೆಲಸಂಗದ ಆಚೆಗಿನ ಒಣಭೂಮಿಯಲ್ಲಿ ದನ ಮೇಯಿಸಲೆಂದು ಬಿಟ್ಟ ದೊಡ್ಡ ಗಾಯರಾಣವಿದೆ. ಅಲ್ಲಿ ಚಿಗರಿಗಳ ಹಿಂಡುಗಳಿವೆ. ಚಳಿಗಾಲದಲ್ಲಿ ಅವು ಸುತ್ತಲಿನ ಕಡಲೆ ಹೊಲಕ್ಕೆ ಇಳಿಯುತ್ತವೆ. ರೈತರ ದೂರು ಮೇಲಿನವರೆಗೆ ಹೋಗಿ, ಅಲ್ಲಿಂದ ಒಂದು ಪ್ರಶ್ನೆ ಕೆಳಗಿಳಿದು ಬಂದಿತ್ತು: ಒಟ್ಟು ಎಷ್ಟಿವೆ? ಆ ನೆಲ ತಾಳುವುದಕ್ಕಿಂತ ಹೆಚ್ಚಿದ್ದರೆ ಬಲೆ ಕಟ್ಟಿ ಹಿಡಿದು ಲಾರಿಯಲ್ಲಿ ಬೇರೆ ಕಡೆ ಸಾಗಿಸುವ ಯೋಚನೆ. ಚಿಗರಿಯನ್ನು ಬಲೆಗೆ ಅಟ್ಟುವುದೆಂದರೇನು ಎಂಬುದನ್ನು ನಾನು ಬೇರೊಂದು ಕಡೆ ಕಣ್ಣಾರೆ ನೋಡಿದ್ದೇನೆ. ಮೈಮೇಲೆ ಒಂದು ಗೀರೂ ಇಲ್ಲದೆ, ಬರೀ ಬೆದರಿ, ನಿಂತಲ್ಲೇ ಕುಸಿದು ಸಾಯುತ್ತವೆ. ಸಂಖ್ಯೆ ನಿಜವಾಗಿಯೂ ದೊಡ್ಡದಿದ್ದರೆ ಅದು ಬೇರೆ ಮಾತು. ಸುಳ್ಳು ಸಂಖ್ಯೆಗಾಗಿ ಅವು ಸಾಯಬಾರದು ಎಂಬುದಷ್ಟೇ ನನ್ನ ಹಟವಾಗಿತ್ತು.

ಕರೆಯದೆಯೇ ತರಬೇತಿಗೆ ಬಂದಿದ್ದ ಒಬ್ಬರೆಂದರೆ ಆ ಗಾಯರಾಣಕ್ಕೆ ಹತ್ತಿದ ಹೊಲದ ಒಡತಿ. ಜೈನ ಒಕ್ಕಲು ಮನೆತನದವರು, ಐವತ್ತು ದಾಟಿದ ಹೆಂಗಸು. ಮೊದಲ ದಿನವೇ ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತುಬಿಟ್ಟಿದ್ದರು. ಅವರ ಕಡಲೆ ಪ್ರತಿ ವರ್ಷ ಚಿಗುರಿನಲ್ಲೇ ಚಿಗರಿಯ ಪಾಲಾಗುತ್ತಿತ್ತು. ಊರಲ್ಲಿ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ, ತನ್ನ ಕಣ್ಣೆದುರೇ ಎಣಿಕೆ ಆಗಲಿ ಎಂದು ಬಂದವರು. ಅವರ ಬೇಡಿಕೆ ಚಿಕ್ಕದು. “ಕೊಲ್ಲೂದ ಬ್ಯಾಡ್ರಿ ಅಕ್ಕೋರ, ಪಾಪ ಬರತೈತಿ. ಒಯ್ದಬಿಡ್ರಿ ಅಷ್ಟ” ಎಂದರು. ಒಯ್ಯುವುದೂ ಕೊಲ್ಲುವುದೂ ಚಿಗರಿಯ ಮಟ್ಟಿಗೆ ಅಷ್ಟೇನೂ ದೂರವಲ್ಲ ಎಂದು ನಾನು ಬಲೆಯ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಎಣಿಸಲು ತಾನೂ ಬರುತ್ತೇನೆ ಎಂದು ಹೆಸರು ಬರೆಸಿದರು.

ಚಿಗರಿಗೆ ಶಾಯಿ ಹಚ್ಚಲಾಗುವುದಿಲ್ಲವಾದ್ದರಿಂದ ಗೆರೆ ನಡೆಯುವ ವಿಧಾನ ಕಲಿಸಿದೆ. ನಕ್ಷೆಯ ಮೇಲೆ ನೆಟ್ಟಗೆ ಗೆರೆಗಳನ್ನು ಎಳೆಯುವುದು. ಎಲ್ಲಿಂದ ಶುರು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು. ಗೆರೆ ಹುಲ್ಲಿನ ಮೇಲೆ ಬೀಳಲಿ, ಕಬ್ಬಿನ ಮೇಲೆ ಬೀಳಲಿ, ಬಿದ್ದಲ್ಲೇ ನಡೆಯಬೇಕು. ನಸುಕಿನಲ್ಲಿ ಇಬ್ಬಿಬ್ಬರು ಹೊರಟು, ಹಿಂಡು ಕಂಡಾಗ ಅದರಲ್ಲಿ ಎಷ್ಟಿವೆ, ತಮ್ಮಿಂದ ಎಷ್ಟು ದೂರ, ಯಾವ ಕೋನದಲ್ಲಿ ಎಂದು ಬರೆದುಕೊಳ್ಳಬೇಕು. ಗೆರೆಯ ಹತ್ತಿರದವೆಲ್ಲ ಕಾಣುತ್ತವೆ, ದೂರ ಹೋದಂತೆ ಕಾಣುವುದು ಕಡಿಮೆಯಾಗುತ್ತದೆ. ಆ ಕಡಿಮೆಯಾಗುವ ಬಗೆಯಿಂದಲೇ ಕಾಣದೆ ಉಳಿದವು ಎಷ್ಟು ಎಂದು ಲೆಕ್ಕ ಹಾಕುವುದು. ಹೇಳಲು ಇಷ್ಟೇ. ಕಲಿಸಲು ಹೋದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮೊದಲ ಜಗಳ ಕಬ್ಬಿನದು. ಕಬ್ಬಿನಲ್ಲಿ ಚಿಗರಿ ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿರುವಾಗ ಅಲ್ಲೇಕೆ ನಡೆಯಬೇಕು? ನಿಪ್ಪಾಣಿಯ ಅಧ್ಯಾಪಕರು ಅರ್ಧ ಮರಾಠಿಯಲ್ಲಿ, “ಚಿಗರಿ ಇದ್ದಲ್ಲೆ ಹೋಗಿ ಎಣಿಸಿದ್ರ ಆತಲ್ರಿ, ಕಬ್ಬಿನಾಗ ಉಗಾಚ್ ಕಶಾಲಾ?” ಎಂದು ಸುಮ್ಮಸುಮ್ಮನೆ ಅಲೆಯುವುದೇಕೆಂದು ಕೇಳಿದರು. ಸಾರಿನ ಮೇಲಿನ ಎಣ್ಣೆಯನ್ನಷ್ಟೇ ನೆಕ್ಕಿದರೆ ಉಪ್ಪು ಗೊತ್ತಾಗುವುದಿಲ್ಲ, ತಳದವರೆಗೆ ತಿರುವಿ ರುಚಿ ನೋಡಬೇಕು ಎಂದೆ. ಇದ್ದಲ್ಲಿ ಮಾತ್ರ ಎಣಿಸಿ ಇಡೀ ಸೀಮೆಗೆ ಗುಣಿಸಿದರೆ ಚಿಗರಿ ಕೂರಲು ಜಾಗ ಸಾಲುವುದಿಲ್ಲ ಎಂದೆ. ಎಲ್ಲರೂ ತಲೆ ಆಡಿಸಿದರು. ಆ ಸೀಮೆಯಲ್ಲಿ ತಲೆ ಆಡಿಸುವುದು ಒಪ್ಪಿಗೆಯಲ್ಲ, ಮರ್ಯಾದೆ ಎಂದು ನನಗೆ ಆಗ ಹೊಳೆಯಬೇಕಿತ್ತು. ನಾನೂ ಧಾರವಾಡದವಳೇ.

ಎರಡನೆಯದು ದೂರದ್ದು. ಅಭ್ಯಾಸದ ನಡಿಗೆಯಲ್ಲಿ ಬಂದ ದೂರಗಳೆಲ್ಲ ಐವತ್ತು ಮೀಟರ್, ನೂರು ಮೀಟರ್, ಇನ್ನೂರು ಮೀಟರ್. ಚಿಗರಿಗಳು ಅಳತೆಗೋಲು ಹಿಡಿದು ನಿಲ್ಲುತ್ತವೆಯೇ ಎಂದು ಕೇಳಿದೆ. ದೂರ ಅಳೆಯುವ ಯಂತ್ರವನ್ನು ಕುತ್ತಿಗೆಗೆ ಕಟ್ಟಿ ಕಳಿಸಿದ್ದೆ. ಅದು ಕುತ್ತಿಗೆಯಲ್ಲೇ ಇತ್ತು, ಅಂದಾಜು ಕಣ್ಣಿನದು. ಚೆನ್ನಾಗಿ ಬೈದೆ. ಮರುದಿನದಿಂದ ದೂರಗಳು ಸರಿಯಾಗಿ ಬರತೊಡಗಿದವು. ದಾರಿಗೆ ಬಂದರು ಎಂದುಕೊಂಡೆ.

ನಿಜವಾದ ಎಣಿಕೆ ಶುರುವಾಯಿತು. ಪ್ರತಿ ಬೆಳಿಗ್ಗೆ ಜೋಡಿಗಳು ಹೊರಡುವವು, ಬಿಸಿಲೇರುವ ಹೊತ್ತಿಗೆ ಬಂದು ವರದಿ ಕೊಡುವವು, ನಾನು ಗೋಡೆಯ ಹಲಗೆಯ ಮೇಲೆ ಗೆರೆಗೊಂದರಂತೆ ಕಂಡ ಚಿಗರಿಗಳ ಸಂಖ್ಯೆ ಬರೆಯುವೆ. ತರಬೇತಿಗೆ ನನ್ನನ್ನು ಕರೆಸಿದ್ದ ಅರಣ್ಯಾಧಿಕಾರಿಗಳು ಸಂಜೆ ಬಂದು ಹಲಗೆ ನೋಡಿ ಖುಷಿಯಾಗುವರು. ಸಂಖ್ಯೆ ದಷ್ಟಪುಷ್ಟವಾಗಿತ್ತು. ಸಮಾರೋಪಕ್ಕೆ ಗಣ್ಯರನ್ನು ಕರೆದದ್ದೂ ಆಯಿತು, ಶಾಲು ತಂದದ್ದೂ ಆಯಿತು, ಶಿರಾ ಮಾಡುವವನಿಗೆ ಹೇಳಿದ್ದೂ ಆಯಿತು. ವೇದಿಕೆಯ ಮೇಲೆಯೇ ಸಂಖ್ಯೆ ಘೋಷಿಸುವುದೆಂದು ನಿಶ್ಚಯವಾಯಿತು.

ಕೊನೆಯ ದಿನ ಹಲಗೆಯ ಎದುರು ಕೂತು ಚಹಾ ಕುಡಿಯುತ್ತಿದ್ದಾಗ ಏನೋ ಇಲ್ಲ ಅನ್ನಿಸಿತು. ಏನಿಲ್ಲ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹಲಗೆಯ ಮೇಲೆ ಒಂದೂ ಸೊನ್ನೆ ಇರಲಿಲ್ಲ. ಹುಲ್ಲಿನ ಗೆರೆಗಳಲ್ಲಿ ಹಿಂಡು, ಸರಿ. ತೊಗರಿಯಲ್ಲಿ ನಾಲ್ಕಾರು, ಇರಬಹುದು. ಕಾಲುವೆ ಪಕ್ಕದ ಕಬ್ಬಿನ ಗೆರೆಯಲ್ಲಿ ಎರಡು. ದ್ರಾಕ್ಷಿ ತೋಟದ ತಂತಿಬೇಲಿಯೊಳಗೆ ಒಂದು. ತಂತಿ ಹಾರಿ ದ್ರಾಕ್ಷಿ ಚಪ್ಪರದ ಕೆಳಗೆ ನಿಂತ ಆ ಒಂಟಿ ಚಿಗರಿಯನ್ನು ನೆನೆಸಿಕೊಂಡಾಗ ಚಹಾದ ಲೋಟ ಕೆಳಗಿಟ್ಟೆ.

ಮರುದಿನ ನಸುಕಿನಲ್ಲಿ ಆ ಕಬ್ಬಿನ ಗೆರೆಯನ್ನು ಮತ್ತೆ ನಡೆಯೋಣ ಎಂದು ಅದನ್ನು ನಡೆದಿದ್ದ ಅರಣ್ಯ ರಕ್ಷಕರೊಬ್ಬರನ್ನು ಕರೆದುಕೊಂಡು ಹೋದೆ. ಹಾರೂಗೇರಿ ಕಡೆಯವರು, ನಲವತ್ತರ ಸಜ್ಜನ, ಒಂದು ದಿನವೂ ತಡವಾಗಿ ಬಂದವರಲ್ಲ. ಎರಡೂ ಕಡೆ ಆಳೆತ್ತರದ ಕಬ್ಬು. ಕಾಲುವೆಯ ರಸ್ತೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಗೆರೆ ಮುಗಿಯುವವರೆಗೆ ನಮಗೆ ಕಂಡದ್ದು ಬೆಳ್ಳಕ್ಕಿ, ಒಂದು ಮುಂಗುಸಿ ಮತ್ತು ಬಹಿರ್ದೆಸೆಗೆ ಕೂತಿದ್ದ ಒಬ್ಬ ಮನುಷ್ಯ. ಮುಗಿದ ಮೇಲೆ ರಕ್ಷಕರು ಕಿಸೆಯಿಂದ ಪೆನ್ನು ತೆಗೆದು, ನನ್ನೆದುರಿಗೇ, ಚಿಗರಿ ಎರಡು ಎಂದು ಬರೆದರು.

ಎಲ್ಲಿವೆ ಎಂದು ಕೇಳಿದೆ. ಅವರು ಕಬ್ಬಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಇವತ್ತು ಇಲ್ಲ ಎಂದರು. ಹಾಗಾದರೆ ಮೊನ್ನೆ? ಮೊನ್ನೆಯೂ ಇರಲಿಲ್ಲ. ಮತ್ತೆ ಎರಡು ಎಲ್ಲಿಂದ ಬಂದವು?

“ನೀವು ಅಷ್ಟ ದೂರದಿಂದ ಬಂದೀರಿ ಮೇಡಮ್ಮಾರ, ಬರೇ ಸೊನ್ನಿ ಹೆಂಗ ಕೊಡೂದ್ರಿ? ಮಂದಿ ಮನಿ ಡಬ್ಬಿ ತಿರಗಿ ಕೊಡುಮುಂದ ಖಾಲಿ ಕೊಡತಾರೇನ್ರಿ ಯಾರರ? ಒಂದ ಚಿಟಗಿ ಸಕ್ಕರಿಯರ ಹಾಕಿ ಕೊಡತಾರ. ಭಾಳ ಹಾಕಿಲ್ರಿ ನಾ. ಎರಡ ಅದಾವ.”

ನಾನು ಕಾಲುವೆಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಲಾಭಕ್ಕಾಗಿ ಸುಳ್ಳು ಬರೆಯುವವರನ್ನು ಹೇಗೆ ಹಿಡಿಯಬೇಕು, ಸೋಮಾರಿತನಕ್ಕೆ ಮನೆಯಲ್ಲೇ ಕೂತು ಬರೆಯುವವರನ್ನು ಹೇಗೆ ಹಿಡಿಯಬೇಕು ಎಂದು ನನಗೆ ಗೊತ್ತು. ಇವರು ನಸುಕಿನಲ್ಲಿ ಎದ್ದು, ಮಂಜಿನಲ್ಲಿ ನೆನೆದು, ಗೆರೆ ತಪ್ಪದೆ ಪೂರ್ತಿ ನಡೆದು, ಕೊನೆಗೆ ನನಗೆ ಬೇಜಾರಾಗದಿರಲಿ ಎಂದು ಎರಡು ಚಿಗರಿ ಹಾಕಿ ಕೊಟ್ಟಿದ್ದರು. ಇಂಥ ತಪ್ಪಿಗೆ ನಾನು ಕಲಿತ ಯಾವ ಪುಸ್ತಕದಲ್ಲೂ ಮದ್ದಿರಲಿಲ್ಲ. ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂತು.

ಕಾರ್ಯಾಲಯಕ್ಕೆ ಬಂದು ಎಲ್ಲರನ್ನೂ ಕೇಳಿದೆ. ಯಾರೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಿದೆ ಎಂಬ ಮುಖಗಳು. ದ್ರಾಕ್ಷಿ ತೋಟದ ಒಂಟಿ ಚಿಗರಿ ನಿಪ್ಪಾಣಿಯ ಅಧ್ಯಾಪಕರದೇ ಆಗಿತ್ತು. ಜೈನ ಒಡತಿಯ ಹೊಲದ ಗೆರೆಯನ್ನು ನಡೆದವರೂ ಅವರೇ. ಅಲ್ಲಿ ಅವರಿಗೆ ಕೆನೆಹಾಲಿನ ಚಹಾ ಸಿಕ್ಕಿತ್ತು. ಅಷ್ಟು ಒಳ್ಳೆಯ ಚಹಾ ಕುಡಿದು ಕಡಿಮೆ ಬರೆಯಲು ಮನಸ್ಸು ಬರಲಿಲ್ಲವಂತೆ, ಒಂದು ತುಂಬಿದ ಹಿಂಡನ್ನೇ ಬರೆದಿದ್ದರು.

ಅಧಿಕಾರಿಗಳಿಗೆ ವಿಷಯ ತಿಳಿಸಿದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇವರು ಒದೆಯಲಿಲ್ಲ, ತಣ್ಣಗೆ ಒಂದು ಉಪಾಯ ಹೇಳಿದರು. ಹೇಗೂ ಜಾಸ್ತಿಯಾಗಿದೆ ಎಂದು ಗೊತ್ತಾಯಿತಲ್ಲ, ಸ್ವಲ್ಪ ಕಳೆದು ಕೊಟ್ಟುಬಿಡಿ. ಎಷ್ಟು ಕಳೆಯಲಿ ಎಂದರೆ, ಅದು ನಿಮ್ಮ ಶಾಸ್ತ್ರ, ನಿಮಗೇ ಗೊತ್ತು ಎಂದರು. ಕೆಟ್ಟ ಎಣಿಕೆಯಿಂದ ಅಂದಾಜಿನಲ್ಲಿ ಒಂದಿಷ್ಟು ಕಳೆದರೆ ಉಳಿಯುವುದು ಒಳ್ಳೆಯ ಎಣಿಕೆಯಲ್ಲ, ಕೆಟ್ಟ ಅಂದಾಜು ಎಂದೆ. ಆ ಸಂಖ್ಯೆ ಮೇಲಕ್ಕೆ ಹೋದರೆ ಬಲೆ ಬರುತ್ತದೆ, ಎಷ್ಟು ಚಿಗರಿ ಬೆದರಿ ಸಾಯುತ್ತವೋ ಅದರ ಲೆಕ್ಕಕ್ಕೆ ಮಾತ್ರ ಯಾವ ಸೂತ್ರವೂ ಬೇಕಾಗುವುದಿಲ್ಲ, ಸಾಲಾಗಿ ಮಲಗಿಸಿ ಎಣಿಸಬಹುದು ಎಂದೆ. ದನಿ ಏರಿತ್ತು. ಎಲ್ಲ ಗೆರೆಗಳನ್ನೂ ಮತ್ತೆ ನಡೆಯುತ್ತೇವೆ, ಇಲ್ಲವಾದರೆ ನಾನು ಸಹಿ ಮಾಡುವುದಿಲ್ಲ ಎಂದು ಹೇಳಿಬಿಟ್ಟೆ. ಗಣ್ಯರಿಗೆ ಏನು ಹೇಳಲಿ ಎಂದು ಅವರು ತಲೆ ಹಿಡಿದುಕೊಂಡರು. ಚಿಗರಿ ಇನ್ನೂ ಎದ್ದಿಲ್ಲ ಎಂದು ಹೇಳಿ ಎಂದೆ. ಸಮಾರೋಪ ಮುಂದಕ್ಕೆ ಹೋಯಿತು.

ಹಟವೇನೋ ಗೆದ್ದಿತು. ಆದರೆ ಮತ್ತೆ ನಡೆಸಿ ಏನು ಪ್ರಯೋಜನ? ಇದೇ ಜನ, ಇದೇ ಮರ್ಯಾದೆ. ಸೊನ್ನೆ ಅವಮಾನವಲ್ಲ, ಸೊನ್ನೆಯೂ ಒಂದು ಮಾಹಿತಿ, ಸೊನ್ನೆ ಕೊಟ್ಟವರೇ ನನ್ನ ನಿಜವಾದ ಸ್ನೇಹಿತರು ಎಂದೆಲ್ಲ ಭಾಷಣ ಮಾಡಿದೆ. ಎಲ್ಲರೂ ತಲೆ ಆಡಿಸಿದರು. ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು.

ಮರುನಡಿಗೆಗೆ ಕಾರ್ಯಾಲಯ ಸಿಗಲಿಲ್ಲ, ಅಲ್ಲಿ ಇನ್ನೊಂದು ಮದುವೆ ಇತ್ತು. ಹೊಲದ ಒಡತಿ ತಮ್ಮ ಮನೆಯ ಪಡಸಾಲೆ ಬಿಟ್ಟುಕೊಟ್ಟರು. ಆ ಮಧ್ಯಾಹ್ನ ನನಗೊಂದು ಸ್ಟೀಲಿನ ಡಬ್ಬಿಯಲ್ಲಿ ಬುತ್ತಿ ಕಟ್ಟಿ ಕೊಟ್ಟು, ಗಾಯರಾಣದಲ್ಲಿ ಗೆರೆಗಳ ಗುರುತಿಗೆ ನೆಟ್ಟ ಗೂಟಗಳನ್ನು ನೋಡಿ ಬನ್ನಿ ಎಂದು ಕಳಿಸಿದರು. ಜೋಳದ ರೊಟ್ಟಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ ಕಡಲೆಹಿಟ್ಟಿನ ಝುಣಕ. ಉಳ್ಳಾಗಡ್ಡಿ ಇಲ್ಲದ ಝುಣಕವೇನು ಚೆಂದ ಎಂದು ಮೂಗು ಮುರಿದುಕೊಂಡೇ ತಿಂದೆ, ಡಬ್ಬಿ ಖಾಲಿಯಾಯಿತು. ತಿರುಗಿ ಬಂದು ಅಂಗಳದ ತೊಟ್ಟಿಯ ನೀರಿನಲ್ಲಿ ತೊಳೆದು ಒರೆಸಿ, ಒಳಗೆ ಕೊಡಲು ಹೊರಟಾಗ ನನ್ನ ಕೈ ತಾನಾಗಿಯೇ ನನ್ನ ಚೀಲಕ್ಕೆ ಹೋಯಿತು. ಪಾಠದ ಶೇಂಗಾ ಅದರಲ್ಲಿ ಉಳಿದಿತ್ತು. ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ ಮೇಲೆಯೇ ಏನು ಮಾಡಿದೆ ಎಂದು ನನಗೆ ಗೊತ್ತಾದದ್ದು.

ಹೊಸ್ತಿಲಲ್ಲೇ ನಿಂತೆ. ಬೆಳಗಿನಿಂದ ಬೈಯುತ್ತಿದ್ದವಳು ನಾನು. ಆ ಡಬ್ಬಿಯನ್ನು ಖಾಲಿ ಕೊಡು ಎಂದು ಯಾರಾದರೂ ನನಗೆ ಆಜ್ಞೆ ಮಾಡಿದ್ದರೂ ಕೊಡಲು ನನ್ನ ಕೈಲಾಗುತ್ತಿರಲಿಲ್ಲ. ಭಾಷಣದಿಂದ ಬಿಡುವ ರೂಢಿ ಇದಲ್ಲ.

ಮರುದಿನ ನಸುಕಿನಲ್ಲಿ ಪ್ರತಿ ಜೋಡಿಗೂ ಒಂದೊಂದು ಡಬ್ಬಿ ಕೊಟ್ಟೆ. ಖಾಲಿ ತರಬೇಡಿ ಎಂದೆ. ಗೆರೆಯ ಮೇಲೆ ಏನು ಬೆಳೆದಿದೆಯೋ ಅದರ ಒಂದು ಹಿಡಿ ಕಿತ್ತು ತುಂಬಿಕೊಂಡು ಬನ್ನಿ. ಡಬ್ಬಿ ತುಂಬಿದ ಮೇಲೆ ಚಿಗರಿ ಕಂಡದ್ದು ಕಂಡಷ್ಟೇ ಹೇಳಿ, ಇಲ್ಲದಿದ್ದರೆ ಇಲ್ಲ ಅನ್ನಿ. ಹಾರೂಗೇರಿಯ ರಕ್ಷಕರ ಮುಖ ಮೊದಲ ಸಲ ಹಗುರಾದದ್ದು ಕಂಡೆ. “ಹಿಂಗಾದ್ರ ಹೇಳಬಹುದ್ರಿ” ಎಂದರು.

ಯಾರು ಯಾವ ಗೆರೆ ಎಂಬುದಕ್ಕೆ ಮತ್ತೆ ಚೀಟಿ ಎತ್ತಿಸಿದೆ. ಒಡತಿಯ ಜೋಡಿಯಾಗಿ ಈ ರಕ್ಷಕರೇ ಬಂದರು. ಗೆರೆಯ ಚೀಟಿ ಬಿಚ್ಚಿದರೆ, ಅವರದೇ ಕಡಲೆ ಹೊಲದ ಮೇಲೆ ಹಾದುಹೋಗುವ ಗೆರೆ. ಚಿಗರಿ ಹೆಚ್ಚಿವೆ ಎಂದಾದರೆ ಲಾಭವಾಗುವ ಮನುಷ್ಯರನ್ನು ಅವರದೇ ಹೊಲದಲ್ಲಿ ಎಣಿಸಲು ಕಳಿಸುವುದೇ? ಬದಲಿಸೋಣವೆಂದು ಬಾಯಿ ತೆರೆದೆ. ಆದರೆ ಚೀಟಿ ಬಿದ್ದಂತೆಯೇ ನಡೆಯಬೇಕು, ನಮ್ಮ ಇಷ್ಟಕ್ಕೆ ತಕ್ಕಂತೆ ಬದಲಿಸಬಾರದು ಎಂದು ವಾರವಿಡೀ ಗಂಟಲು ಹರಿದುಕೊಂಡವಳು ನಾನೇ. ಬಾಯಿ ಮುಚ್ಚಿದೆ. ಅವರು ಚಪ್ಪಲಿ ಬಿಗಿದು, ಡಬ್ಬಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು.

ಬಿಸಿಲೇರಿದಾಗ ಡಬ್ಬಿಗಳು ಬರತೊಡಗಿದವು. ಕಬ್ಬಿನ ಗರಿ ಬಂತು, ಸೊನ್ನೆ. ಒಣ ಹುಲ್ಲು ಬಂತು, ಒಂದು ಹಿಂಡು, ದೂರ ಕೋನ ಎಲ್ಲ ಸರಿಯಾಗಿ. ತೊಗರಿಯ ಟೊಂಗೆ, ಸೊನ್ನೆ. ನಿಪ್ಪಾಣಿಯ ಅಧ್ಯಾಪಕರು ಹುಳಿ ದ್ರಾಕ್ಷಿ ತುಂಬಿಕೊಂಡು ಬಂದು, “ಝೀರೋ ಮೇಡಂ, ಆದ್ರ ದ್ರಾಕ್ಷಿ ತಿನ್ರಿ” ಎಂದರು. ನನ್ನ ಹಲಗೆಯ ಮೇಲೆ ಸೊನ್ನೆಗಳು ಸಾಲುಸಾಲಾಗಿ ಏರಿದವು. ಹುಲ್ಲಿನ ಡಬ್ಬಿ ಬಂದಾಗ ಮಾತ್ರ ಚಿಗರಿ ಬರುತ್ತಿದ್ದವು. ಯಾವ ನೆಲದಲ್ಲಿ ಅವು ಇರುತ್ತವೆ ಎಂಬ ಪಾಠವನ್ನು ನಾನು ಬೇರೆ ಮಾಡಬೇಕಾಗಲಿಲ್ಲ.

ಒಡತಿ ಎಲ್ಲರಿಗಿಂತ ಕೊನೆಗೆ ಬಂದರು. ಸೀರೆಯ ಅಂಚು ಮೊಣಕಾಲಿನವರೆಗೆ ಮಂಜಿಗೆ ಒದ್ದೆ. ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಇಟ್ಟರು. ಅದರಲ್ಲಿ ಕಡಲೆ ಗಿಡಗಳಿದ್ದವು. ಒಂದಕ್ಕೂ ತುದಿ ಇರಲಿಲ್ಲ. ಚಿಗುರೆಲ್ಲ ಹೋಗಿ ಬರೀ ಕಡ್ಡಿ, ಕಚ್ಚಿದ ಜಾಗ ಇನ್ನೂ ಹಸಿರಾಗಿತ್ತು.

“ತಿಂದ ಹೋಗ್ಯಾವ ಅಕ್ಕೋರ. ಹೆಜ್ಜಿ ಅದಾವ, ಹಿಕ್ಕಿ ಅದಾವ. ನಾವು ನಡಿಯುಮುಂದ ಒಂದೂ ಕಾಣಲಿಲ್ಲ. ಸೊನ್ನಿ ಬರ್ಕೋರಿ.”

ನಾನು ಜೊತೆಯಲ್ಲಿದ್ದ ರಕ್ಷಕರನ್ನು ನೋಡಿದೆ. ಅವರು ನೆಲ ನೋಡುತ್ತಿದ್ದರು. “ಒಂದರ ಬರಿಯೂನ್ರಿ ಅಂದೆ, ಅವ್ವಾರು ಬ್ಯಾಡ ಅಂದ್ರು” ಎಂದು ಮೆಲ್ಲಗೆ ಹೇಳಿದರು. ನನಗೆ ಬೈಯಲೂ ಆಗಲಿಲ್ಲ. ಕಣ್ಣೆದುರಿನ ಡಬ್ಬಿಯಲ್ಲಿ ಚಿಗರಿಯ ಹಲ್ಲಿನ ಗುರುತಿತ್ತು, ನನ್ನ ನಿಯಮದ ಪ್ರಕಾರ ಹಲಗೆಯ ಮೇಲೆ ಸೊನ್ನೆ ಹೋಗಬೇಕಿತ್ತು. ಕಾಣದ್ದನ್ನು ಲೆಕ್ಕ ಹಾಕಲು ಸೂತ್ರವಿದೆ, ಅದು ಎಲ್ಲ ಗೆರೆಗಳನ್ನೂ ಸೇರಿಸಿ ಆಗುತ್ತದೆ ಎಂದು ಅವರಿಗೆ ವಿವರಿಸಲು ಹೋದೆ. ಗೊತ್ತು, ನೀವು ಹೇಳಿದ್ದಿರಿ ಎಂದು ಅವರು ಕೈಕಾಲು ತೊಳೆಯಲು ಹಿತ್ತಲಿಗೆ ನಡೆದರು. ನಾನು ಸೊನ್ನೆ ಬರೆದೆ.

ಬಂದ ಸಂಖ್ಯೆ ಮೊದಲಿನದರ ಅರ್ಧಕ್ಕಿಂತ ಕಡಿಮೆ. ಇಷ್ಟರಿಂದ ಇಷ್ಟರವರೆಗೆ ಇರಬಹುದು ಎಂದು ವ್ಯಾಪ್ತಿ ಸೇರಿಸಿ ಕೊಟ್ಟೆ. ಅಧಿಕಾರಿಗಳು ಓದಿ, “ಇದು ಅಡ್ಡಗ್ವಾಡಿ ಮ್ಯಾಲ ದೀಪಾ ಇಟ್ಟಂಗಾತಲ್ರಿ, ಒಂದ ನಂಬರ್ ಕೊಡ್ರಿ” ಎಂದರು. ಒಂದೇ ನಂಬರ್ ಕೊಡುವ ಕೆಲಸ ಮೊದಲ ಸಲವೇ ಆಗಿತ್ತಲ್ಲ, ಚೆನ್ನಾಗಿತ್ತೇ ಎಂದು ಕೇಳಿದೆ. ವ್ಯಾಪ್ತಿ ಸಹಿತವೇ ಮೇಲಕ್ಕೆ ಹೋಯಿತು. ಹಿಡಿಯುವಷ್ಟು ಚಿಗರಿಗಳಿಲ್ಲ ಎಂದು ಉತ್ತರ ಬಂತು. ಬಲೆ ಬರಲಿಲ್ಲ, ಲಾರಿ ಬರಲಿಲ್ಲ. ನಾನು ಗೆದ್ದೆ ಎಂದು ಎಲ್ಲರೂ ಫೋನಿನಲ್ಲಿ ಹೇಳಿದರು.

ಆ ವರ್ಷವೂ ಅವರ ಕಡಲೆ ಉಳಿಯಲಿಲ್ಲ. ರಕ್ಷಕರಿಂದ ತಿಳಿಯಿತು. ನನ್ನ ಬಗ್ಗೆ ಏನಾದರೂ ಅಂದರೇ ಎಂದು ಕೇಳಿದ್ದಕ್ಕೆ, ಅಕ್ಕೋರು ಆರಾಮ ಇದ್ದಾರೇನು ಎಂದು ವಿಚಾರಿಸಿದರು ಎಂದರು.

ಹೊರಡುವ ದಿನ ಬಸ್ಸಿನಲ್ಲಿ ತಿನ್ನಲೆಂದು ಅವರು ಅದೇ ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಹಾಕಿ ಕೊಟ್ಟಿದ್ದರು. ಡಬ್ಬಿ ಇನ್ನೂ ನನ್ನ ಅಡುಗೆಮನೆಯ ಮಾಡದಲ್ಲಿದೆ. ಅಥಣಿ ಕಡೆ ಹೋಗುವವರು ಬೇಕಾದಷ್ಟು ಜನ ಸಿಗುತ್ತಾರೆ, ಕಳಿಸಿಬಿಡು ಎಂದು ಮನೆಯಲ್ಲಿ ಹೇಳುತ್ತಲೇ ಇದ್ದಾರೆ. ತೊಳೆದು ಒರೆಸಿ ಎಷ್ಟೋ ಸಲ ಕೈಗೆ ತೆಗೆದುಕೊಂಡಿದ್ದೇನೆ. ಖಾಲಿ ಕಳಿಸುವ ಹಾಗಿಲ್ಲ. ಆ ಹೆಂಗಸಿನ ಡಬ್ಬಿಗೆ ಏನು ತುಂಬಿದರೆ ಸರಿಹೋಗುತ್ತದೆ ಎಂದು ನನಗಿನ್ನೂ ತಿಳಿದಿಲ್ಲ.